ಅನ್ನವ್ವನ ನಿವ್ವಳ ತೂಕ

ನನ್ನ ಗಾಡಿಯನ್ನು ಗುಜರಿಗೆ ಹಾಕು ಎಂದವರ ಹೆಸರನ್ನು ನಾನು ಒಂದೂ ಮರೆತಿಲ್ಲ. ಮೊದಲನೆಯವನು ನನ್ನ ಹೆಂಡತಿಯ ತಮ್ಮ ತಮ್ಮಣ್ಣ. ಅವನ ಮಾತಿಗೆ ಸಿಟ್ಟು ಬಂತು, ಬೈದೆ, ಮುಗಿಯಿತು. ಕೊನೆಯವಳು ನನ್ನ ಹೆಂಡತಿ ಅನ್ನವ್ವ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಆ ಗಾಡಿಯ ಹಿಂದಿನ ಸೀಟು ಅವಳದು.

ತೊಂಬತ್ತೆಂಟರ ಮೋಟಾರ್‌ಸೈಕಲ್ಲು. ನೂರು ಸಿಸಿ, ಕಪ್ಪು ಟ್ಯಾಂಕು, ಎರಡನೇ ಒದೆತಕ್ಕೆ ಏಳುತ್ತದೆ. ನಮ್ಮ ಮದುವೆಯ ಮರುವರ್ಷ ಗಡಹಿಂಗ್ಲಜದ ಮನೆಯ ಮುಂದೆ ತಂದು ನಿಲ್ಲಿಸಿ ತೆಂಗಿನಕಾಯಿ ಒಡೆದಿದ್ದೆ. ಆಮೇಲೆ ವರ್ಷಕ್ಕೊಂದು ಸಲವಾದರೂ ನಾವಿಬ್ಬರೂ ಅದರ ಮೇಲೆ ಕೊಲ್ಹಾಪುರಕ್ಕೆ ಹೋಗಿ, ಅಂಬಾಬಾಯಿಗೆ ಕೈಮುಗಿದು, ರಂಕಾಳೆ ಕೆರೆಯ ಕಟ್ಟೆಯ ಮೇಲೆ ಕೂತು ಚುರುಮುರಿಯ ಭೇಳ ತಿಂದು ಬರುತ್ತಿದ್ದೆವು. ಭೇಳದ ಆಸೆ ಅವಳಿಗೆ. ನನ್ನ ಆಸೆ ಬೇರೆ. ಮನೆಯಲ್ಲಿ ಅನ್ನವ್ವನಿಗೆ ಮಾತಾಡಲು ಪುರಸೊತ್ತು ಇರುವುದಿಲ್ಲ; ಕೇಳಿದ್ದಕ್ಕೆ ಹೂಂ, ಇಲ್ಲವೇ ಉಹೂಂ. ಗಾಡಿ ಏರಿ ಊರು ದಾಟಿದರೆ ಸಾಕು, ನನ್ನ ಎಡಭುಜದ ಮೇಲೆ ಕೈಯಿಟ್ಟು ಕಿವಿಯಲ್ಲಿ ಶುರು ಮಾಡುತ್ತಾಳೆ. ಓಣಿಯ ಸುದ್ದಿ, ತವರಿನ ಸುದ್ದಿ, ನಾನು ಹತ್ತು ವರ್ಷದ ಹಿಂದೆ ಆಡಿ ಮರೆತ ಮಾತು, ಎಲ್ಲ ಬರುತ್ತದೆ. ಆ ಮಾತು ಗಾಳಿಗೆ ಹಾರಿಹೋಗಬಾರದು ಎಂದು ನಾನು ಗಾಡಿಯನ್ನು ನಲವತ್ತರ ಮೇಲೆ ಓಡಿಸುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಹಿರಣ್ಯಕೇಶಿಯ ಸೇತುವೆ ದಾಟಿ ಸ್ವಲ್ಪ ದೂರದಲ್ಲಿ ಒಂದು ತಗ್ಗಿಗೆ ಹಿಂದಿನ ಚಕ್ರ ಇಳಿಯಿತು. ಧಡ್! ನಾನು ಗಾಡಿ ಬೀಳಿಸಲಿಲ್ಲ, ಆದರೆ ಅನ್ನವ್ವನ ಮಾತು ಅರ್ಧಕ್ಕೇ ನಿಂತಿತು. ಹದಿನೆಂಟು ದಿನ ಹಾಸಿಗೆ ಹಿಡಿದಳು. ಟೊಂಕಕ್ಕೆ ಪಟ್ಟಾ ಬಿಗಿದುಕೊಂಡು ಎದ್ದವಳು ಮತ್ತೆ ಆ ಸೀಟಿನ ಕಡೆ ತಿರುಗಿ ನೋಡಲಿಲ್ಲ. ಡಾಕ್ಟರು ಗುಣವಾಗಿದೆ ಎಂದರೂ ಇಲ್ಲ. ನಾನು ಒಬ್ಬನೇ ಯಾರ್ಡಿಗೆ ಹೋಗಿ ಬರುತ್ತಿದ್ದೆ. ಹಿಂದಿನ ಸೀಟಿನ ಧೂಳು ಒರೆಸುವಾಗೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಯಾರ್ಡು ಎಂದರೆ ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆ. ನಾನು ಅಲ್ಲಿ ತೂಕದವನು. ಇಪ್ಪತ್ತೆಂಟು ವರ್ಷದಿಂದ ಕಾಟಾದ ಮುಂದೆ ನಿಂತಿದ್ದೇನೆ. ಚೀಲ ನೋಡಿದರೆ ಅರ್ಧ ಕಿಲೋ ಆಚೆ ಈಚೆಯಲ್ಲಿ ತೂಕ ಹೇಳುತ್ತೇನೆ. ಕಾಟಾದ ಮೇಲೆ ಬಂದ ತೂಕದಲ್ಲಿ ಖಾಲಿ ಚೀಲದ ತೂಕ ಕಳೆಯಬೇಕು. ಅದಕ್ಕೆ ನಮ್ಮಲ್ಲಿ ಬಾರದಾನ ಅನ್ನುತ್ತೇವೆ. ಬಾರದಾನ ಕಳೆದು ಉಳಿದದ್ದು ನಿವ್ವಳ. ನನ್ನ ಹೆಸರು ಸಾತಪ್ಪ; ಸಾತಪ್ಪ ನಿವ್ವಳ ಹೇಳಿದ ಎಂದರೆ ರೈತನೂ ತಕರಾರು ಮಾಡುವುದಿಲ್ಲ, ದಲಾಲನೂ ಮಾಡುವುದಿಲ್ಲ. ಇದನ್ನು ಸೊಕ್ಕಿನಿಂದಲೇ ಹೇಳುತ್ತಿದ್ದೇನೆ. ಈ ಸೊಕ್ಕು ಏನು ಮಾಡಿತು ಎಂಬುದನ್ನೂ ಹೇಳುತ್ತೇನೆ.

ಈ ಸಲ ಮಾಘದಲ್ಲಿ ಇಚಲಕರಂಜಿಯಿಂದ ಮಗಳು ರುತುಜಾಳ ಫೋನು ಬಂತು. ಐದನೇ ತಿಂಗಳು. ಅನ್ನವ್ವ ಫೋನು ಇಟ್ಟವಳೇ ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, "ಕಳ್ಳ ಕುಬಸ ಮಾಡಬೇಕ್ರಿ."

ನಮ್ಮ ಕಡೆ ಚೊಚ್ಚಲ ಬಸುರಿಗೆ ದೊಡ್ಡ ಕುಬಸ, ಅಂದರೆ ಸೀಮಂತ, ಆಮೇಲೆ, ಮಂದಿಯನ್ನೆಲ್ಲ ಕರೆದು. ಅದಕ್ಕೂ ಮೊದಲು ತಾಯಿ ಯಾರಿಗೂ ಹೇಳದೆ ಕೇಳದೆ ಹಸಿರು ಕುಬಸ, ಎಂದರೆ ರವಿಕೆ, ಐದು ತರದ ಬುತ್ತಿ ಕಟ್ಟಿಕೊಂಡು ಮಗಳ ಮನೆಗೆ ಹೋಗಿ, ಉಡಿ ತುಂಬಿ, ಉಣ್ಣಿಸಿ ಬರಬೇಕು. ಸುದ್ದಿ ಹೊರಗೆ ಬಿದ್ದರೆ ಮಗಳಿಗೆ ಕೆಟ್ಟ ಕಣ್ಣಿನ ನೆದರು ಆಗುತ್ತದೆ ಎಂದು ನಂಬಿಕೆ. ಅದಕ್ಕೇ ಅದು ಕಳ್ಳ ಕುಬಸ.

ಬಸ್ಸಿನಲ್ಲಿ ಹೋದರೆ ಎರಡು ಕಡೆ ಬದಲಿಸಬೇಕು, ಹತ್ತು ಪರಿಚಯದವರು ಡಬ್ಬಿಯಲ್ಲಿ ಏನು ಎಂದು ಕೇಳುತ್ತಾರೆ. ತಮ್ಮಣ್ಣನ ಹತ್ತಿರ ಕಾರಿದೆ. ಆದರೆ ತಮ್ಮಣ್ಣನಿಗೆ ಹೇಳುವುದೂ ಒಂದೇ, ಪಂಚಾಯಿತಿಯ ಮೈಕಿನಲ್ಲಿ ಹೇಳುವುದೂ ಒಂದೇ. ಬಾಡಿಗೆ ಕಾರಿನವನು ತಮ್ಮಣ್ಣನ ಜೋಡಿ ದಿನಾ ಚಹಾ ಕುಡಿಯುವವನು.

"ಗಾಡಿ ಮ್ಯಾಲ ಹೋಗೂಣು," ಎಂದೆ.

ಅನ್ನವ್ವ ಟೊಂಕದ ಮೇಲೆ ಕೈಯಿಟ್ಟಳು. "ಒಂದ ಸಲ ಕೂಡ್ತೇನಿ. ಮಗಳ ಸಲುವಾಗಿ. ಟೊಂಕಕ್ಕ ಮತ್ತ ಹಂಗ ಹೊಡತಾ ಬಿತ್ತಂದ್ರ, ಮರುದಿನಾನ ಗಾಡಿ ಗುಜರಿಗೆ. ಕಬೂಲ?"

"ಕಬೂಲ," ಎಂದೆ. 

ಹಿಂದಿನ ಸೀಟಿಗೆ ಹೊಡೆತ ಬೀಳದ ಹಾಗೆ ಏನು ಮಾಡಬೇಕು ಎಂದು ನಮ್ಮೂರ ಗ್ಯಾರೇಜಿನವನನ್ನು ಕೇಳಿದರೆ, "ಹೊಸಾ ಗಾಡಿದು ಉದ್ದನ್ನ ಶಾಕಪ್ ಹಾಕೂಣ್ರಿ, ಕುದುರಿ ನಿಂತಂಗ ನಿಂದರತೈತಿ," ಎಂದ. ನನಗೆ ಹೊಡೆತ ನುಂಗುವ ಶಾಕ್ ಅಬ್ಸಾರ್ಬರು ಬೇಕಿತ್ತು, ಕುದುರೆ ಬೇಕಾಗಿರಲಿಲ್ಲ. ಗೋಕುಳ ಶಿರಗಾಂವದ ಸಮ್ಮೇದ ನೆನಪಾದ. ವರ್ಷವರ್ಷ ನನ್ನ ಕಡೆಯಿಂದಲೇ ಮೆಣಸಿನಕಾಯಿ ಒಯ್ಯುವ ಜೈನರ ಮನುಷ್ಯ. ಅವನ ಶೆಡ್ಡಿನಲ್ಲಿ ಕಾರಖಾನೆಗಳಿಗೆ ಸ್ಪ್ರಿಂಗ್ ಸುತ್ತುತ್ತಾರೆ. ಹಳೆಯ ಗಾಡಿಗಳ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು.

ಗಾಡಿ ನೋಡಿದ ಸಮ್ಮೇದ ಏನೂ ಹೇಳದೆ ಸೀಟನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಗಾಡಿ ಕೆಳಗೆ ಹೋಗಿ, ಮೇಲೆ ಬಂದು, ಮತ್ತೆ ಕೆಳಗೆ ಹೋಗಿ, ಮೂರು ಸಲ ಕುಣಿದು ನಿಂತಿತು.

"ಸಾತಪ್ಪಣ್ಣ, ಶಾಕಪ್ ಸತ್ತು ಎಷ್ಟೋ ವರ್ಷ ಆಗ್ಯಾವ. ಒಳಗ ಎಣ್ಣಿ ಒಂದ ಹನಿ ಇಲ್ಲ. ಅನ್ನವ್ವ ವೈನಿ ಬರೇ ಸ್ಪ್ರಿಂಗಿನ ಮ್ಯಾಲ ಕುಂತಿದ್ರು."

ಆ ಮಾತು ನನಗೆ ನಾಟಿತು. ಎಂಜಿನ್ನಿನ ಎಣ್ಣೆ ತಪ್ಪದೆ ಬದಲಿಸಿದ್ದೆ, ಚೈನಿಗೆ ಗ್ರೀಸ್ ಹಚ್ಚಿದ್ದೆ, ಟ್ಯಾಂಕು ಕನ್ನಡಿಯಾಗುವ ಹಾಗೆ ಒರೆಸಿದ್ದೆ. ನನ್ನ ಕಣ್ಣಿಗೆ ಬೀಳುವುದನ್ನೆಲ್ಲ ನೋಡಿಕೊಂಡಿದ್ದೆ. ಹಿಂದೆ ಅವಳ ಕೆಳಗೆ ಏನಾಗಿದೆ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಎರಡು ದಿನದ ಕೆಲಸ. ಚಕ್ರ ಹಿಡಿಯುವ ಚಿಮಟಾ ಬಿಚ್ಚಿದಾಗ ಅದರ ಬುಷ್ ಸವೆದು ಬೆರಳಲ್ಲೇ ಅಲುಗಾಡುತ್ತಿತ್ತು. ಹೊಸದು ಕಡೆದು ಕೂರಿಸಿದ. ಹೊಸ ಶಾಕಪ್‌ಗಳ ಉದ್ದವನ್ನು ಹಳೆಯದಕ್ಕೆ ಹಿಡಿದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ನೋಡಿದ. ಉದ್ದ ಹೆಚ್ಚಾದರೆ ಚೈನು ಉಜ್ಜುತ್ತದೆ, ಸ್ಟ್ಯಾಂಡು ನೆಲಕ್ಕೆ ಹತ್ತುವುದಿಲ್ಲ ಎಂದು ವಿವರಿಸಿದ. ಒಳಗೆ ಒಳ್ಳೆಯ ಎಣ್ಣೆ, ಗ್ಯಾಸು. ಮೊದಲ ದಿನ ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂದು ಗಾಡಿಯನ್ನು ಬಿಚ್ಚಿಟ್ಟೇ ಮನೆಗೆ ಎದ್ದುಹೋದ. ನನಗೆ ಅವಸರವಿದ್ದರೂ ಜೈನರ ಆ ನೇಮದ ಮುಂದೆ ಏನು ಮಾತಾಡುವುದು? ಮರುದಿನ ಸ್ಪ್ರಿಂಗ್ ಸುತ್ತುವ ಮೊದಲು ಕೇಳಿದ, "ಹಿಂದ ಎಷ್ಟ ತೂಕ ಕೂಡತೈತಿ?"

"ಅರವತ್ತೆಂಟು ಕಿಲೋ," ಎಂದೆ ಎದೆ ಉಬ್ಬಿಸಿ, "ನಿವ್ವಳ."

ನನ್ನ ಹತ್ತಿರ ಪಕ್ಕಾ ಲೆಕ್ಕವಿತ್ತು. ಎಂಟು ದಿನದ ಹಿಂದೆ ಅನ್ನವ್ವ ವರ್ಷದ ಖಾರಪುಡಿಗೆ ಮೆಣಸಿನಕಾಯಿ ಒಯ್ಯಲು ಯಾರ್ಡಿಗೆ ಬಂದಿದ್ದಳು. ತೂಕ ಕೇಳಿದರೆ ಮೂರು ದಿನ ಮಾತು ಬಿಡುವ ಹೆಂಗಸು ಅವಳು. ಕಾಟಾ ಸರಿ ಇದೆಯೋ ನೋಡೋಣ, ಒಂದು ಗಳಿಗೆ ನಿಲ್ಲು ಎಂದು ಚೀಲದ ಸಮೇತ ನಿಲ್ಲಿಸಿಬಿಟ್ಟೆ. ಎಪ್ಪತ್ತನಾಲ್ಕೂವರೆ ತೋರಿಸಿತು. ಕೈಯಲ್ಲಿದ್ದ ಚೀಲ ಆರೂವರೆ. ಕಳೆದೆ. ಅರವತ್ತೆಂಟು.

ಸಮ್ಮೇದ ಶಾಕಪ್ ಕೂರಿಸಿ, ಕೆಳಗಿನ ಬಳೆಯನ್ನು ಎರಡನೇ ಮೆಟ್ಟಿಲಿಗೆ ತಿರುಗಿಸಿ ನಿಲ್ಲಿಸಿದ. ಅದಕ್ಕೆ ಐದು ಮೆಟ್ಟಿಲು. ಮೇಲೆ ತಿರುಗಿಸಿದಷ್ಟೂ ಸ್ಪ್ರಿಂಗ್ ಬಿಗಿ. ತಿರುಗಿಸುವ ಕೊಕ್ಕೆಯ ಪಾನಾವನ್ನು ಕಾಗದದಲ್ಲಿ ಸುತ್ತಿ ಗಾಡಿಯ ಡಬ್ಬಿಯೊಳಗೆ ಇಟ್ಟ. ಮತ್ತೆ ಸೀಟು ಒತ್ತಿ ಬಿಟ್ಟ. ಕೆಳಗೆ ಹೋಯಿತು, ಮೇಲೆ ಬಂತು, ಸುಮ್ಮನೆ ನಿಂತಿತು. ಗಡಹಿಂಗ್ಲಜದ ತನಕ ಹಾಡಿಕೊಂಡು ಬಂದೆ.

ಹೊರಡುವ ದಿನ ನಸುಕಿನಲ್ಲೇ ಎದ್ದ ಅನ್ನವ್ವ ಎಂಟು ಗಂಟೆಗೆ ಹೊರಗೆ ಬಂದಳು. ಎರಡು ದೊಡ್ಡ ಕೈಚೀಲ, ತೊಡೆಯ ಮೇಲೆ ಇಟ್ಟುಕೊಳ್ಳಲು ಒಂದು ಸ್ಟೀಲಿನ ಡಬ್ಬಿ. ಶೇಂಗಾ ಹೋಳಿಗೆ, ಕರ್ಚಿಕಾಯಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ. ತೊಡೆಯ ಡಬ್ಬಿಯಲ್ಲಿ ಹಿಂದಿನ ದಿನ ಹೆಪ್ಪು ಹಾಕಿದ ಎಮ್ಮೆಯ ಮೊಸರು. ಚೀಲಗಳನ್ನು ಎರಡೂ ಬದಿಗೆ ತೂಗುಹಾಕಿದೆ. ಕೈಗೆ ಭಾರ ಹತ್ತಿತು, ತಲೆಗೆ ಹತ್ತಲಿಲ್ಲ. ಅನ್ನವ್ವ ಪಟ್ಟಾ ಬಿಗಿದುಕೊಂಡು, ದೇವರ ಹೆಸರು ಹೇಳಿ, ಮೂರು ವರ್ಷದ ಮೇಲೆ ಆ ಸೀಟಿನ ಮೇಲೆ ಕೂತಳು. ಕೈಯನ್ನು ನನ್ನ ಭುಜದ ಮೇಲೆ ಇಡಲಿಲ್ಲ. ಸೀಟಿನ ಹಿಂದಿನ ಸರಳು ಹಿಡಿದಳು.

ಊರ ಹೊರಗಿನ ಮೊದಲನೇ ಹಂಪು ಮೆಲ್ಲಗೆ ದಾಟಿದೆ. ಹಿಂದೆ ಏನೋ ತಾಗಿದಂತಾಯಿತು. ನನ್ನ ಭ್ರಮೆ ಎಂದುಕೊಂಡೆ. ಸಂಕೇಶ್ವರ ಇನ್ನೂ ಮುಂದಿತ್ತು. ಎರಡನೇ ಹಂಪಿನಲ್ಲಿ ಭ್ರಮೆ ಇಲ್ಲ. ಧಡ್!

"ನಿಲ್ಲಸ್ರಿ."

ನಿಲ್ಲಿಸಿದೆ. ಅನ್ನವ್ವ ಇಳಿದು, ಮೊಸರಿನ ಡಬ್ಬಿಯನ್ನು ಎದೆಗೆ ಹಿಡಿದು, ಬೇವಿನ ಗಿಡದ ನೆರಳಿಗೆ ಹೋಗಿ ನಿಂತಳು.   ಎಂಬತ್ತು ಕಿಲೋಮೀಟರಿನಲ್ಲಿ ಎಂಟು ಕೂಡ ಆಗಿರಲಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ಫೋನು ತೆಗೆದು ಸಮ್ಮೇದನಿಗೆ ಹಚ್ಚಿದೆ. "ಏ ಸಮ್ಮೇದ! ಅದೇನ ಸ್ಪ್ರಿಂಗ್ ಸುತ್ತೀಯೋ, ಶಾವಿಗಿ ಹೊಸದೀಯೋ? ನೆಲಾ ಬಡ್ಯಾಕತ್ತೈತಿ!"

ಅವನು ತಣ್ಣಗೆ ಕೇಳಿದ, "ಹಿಂದ ಎಷ್ಟ ತೂಕ ಐತ್ರಿ?"

"ಅವತ್ತ ಹೇಳೇನಲ್ಲ! ಅರವತ್ತೆಂಟು, ನಿವ್ವಳ!"

"ನಿವ್ವಳ ಯಾಕ್ರಿ, ಸಾತಪ್ಪಣ್ಣ? ಗಾಡಿ ಏನ ನಿವ್ವಳ ಅಷ್ಟ ಹೊರತೈತೇನು? ವೈನಿ ಕೈಯಾಗ ಏನೈತಿ, ಬಾಜೂಕ ಏನ ತೂಗ ಹಾಕೀರಿ, ಸ್ವಲ್ಪ ನೋಡ್ರಿ."

ನೋಡಿದೆ. ಎರಡು ಚೀಲ ಒಂದೊಂದು ಎಂಟೂವರೆ. ಡಬ್ಬಿ ಎರಡು. ಹತ್ತೊಂಬತ್ತು ಕಿಲೋ ಬುತ್ತಿ ಕಣ್ಣ ಮುಂದೆ ತೂಗಾಡುತ್ತಿತ್ತು. ಯಾರ್ಡಿನ ಚಟಕ್ಕೆ ನಾನು ಹೆಂಡತಿಯ ಕೈಯೊಳಗಿನದನ್ನು ಬಾರದಾನ ಎಂದು ಕಳೆದುಬಿಟ್ಟಿದ್ದೆ. ಮಗಳ ಮನೆಗೆ ಹೊರಟ ತಾಯಿ ಬರಿಗೈಯಲ್ಲಿ ಹೋದದ್ದನ್ನು ಈ ಸೀಮೆಯಲ್ಲಿ ಯಾರಾದರೂ ನೋಡಿದ್ದಾರೆಯೇ? ಇಪ್ಪತ್ತೆಂಟು ವರ್ಷದ ತೂಕದವನಿಗೆ ಅದು ಹೊಳೆಯಲಿಲ್ಲ. ಫೋನು ಮೆಲ್ಲಗೆ ಜೇಬಿಗೆ ಹಾಕಿದೆ. ಸಮ್ಮೇದ ಆ ಕಡೆ ನಗುತ್ತಿದ್ದದ್ದು ಜೇಬಿನೊಳಗಿಂದಲೂ ಕೇಳಿಸಿತು.

ನೆರಳಿಗೆ ಹೋಗಿ ಅನ್ನವ್ವನಿಗೆ ಎಲ್ಲ ಒಪ್ಪಿಕೊಂಡೆ. ಕಾಟಾದ ಮೇಲೆ ನಿಲ್ಲಿಸಿದ್ದು, ಚೀಲ ಕಳೆದದ್ದು, ನಿವ್ವಳ ಎಂದದ್ದು.

ಅವಳ ಹುಬ್ಬು ಮೇಲೇರಿತು. "ಕಾಟಾ ನೋಡೂಣು ಅಂತ ಸುಳ್ಳ ಹೇಳಿ ನನ್ನ ಮೆಣಸಿನಕಾಯಿ ಚೀಲದಂಗ ತೂಗಿದ್ರಿ?"

"ಹೂಂ."

"ತೂಗೂದ ತೂಗಿದ್ರಿ, ಅದನ್ನೂ ತಪ್ಪ ತೂಗಿದ್ರಿ!"

ಇಷ್ಟು ವರ್ಷದಲ್ಲಿ ನನಗೆ ಯಾರೂ ಅನ್ನದ ಮಾತು ಅದು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಪಾನಾ ತೆಗೆದು ರಸ್ತೆಯ ಬದಿಗೆ ಕುಕ್ಕರಗಾಲಲ್ಲಿ ಕೂತೆ. ಬಲಗಡೆಯ ಬಳೆ ಒಂದು ಮೆಟ್ಟಿಲು ಏರಿತು, ಎರಡು ಏರಿತು. ಎಡಗಡೆಗೂ ಅಷ್ಟೇ. ಆಗಲೇ ಹಿಂದಿನಿಂದ ಹಾರ್ನ್ ಕೇಳಿಸಿತು. ತಮ್ಮಣ್ಣನ ಬಿಳಿ ಕಾರು!

"ಏನ ದಾಜಿ, ನಡು ದಾರ್ಯಾಗ ಗಾಡಿ ಪೂಜಿ ಹೂಡೀರಿ?" ಕಿಟಕಿಯಿಂದ ಮುಖ ಹೊರಹಾಕಿ ಅಕ್ಕನ ಗಂಡನಾದ ನನ್ನನ್ನು ನೋಡಿ ನಕ್ಕ. "ಗುಜರಿಯವನ ನಂಬರ ಐತಿ, ಹಚ್ಚಲೇನು? ಅಕ್ಕಾ, ಇಷ್ಟ ಡಬ್ಬಿ ಯಾರಿಗೆ?"

 ಅನ್ನವ್ವ ಕಣ್ಣು ಮಿಟುಕಿಸದೆ ಹೇಳಿದಳು, "ನಿನ್ನ ದಾಜಿಗಪಾ. ಗಾಡಿ ಹೊಡದ್ರ ಅವರಿಗೆ ಹಸಿವಿ ಭಾಳ."

"ಹಂಗಾರ ನೀ ಕಾರಿನಾಗ ಬಾ. ನಾ ಕಾಗಲಕ್ಕ ಹೊಂಟೇನಿ. ಏಸಿ ಐತಿ, ಮೆತ್ತನ್ನ ಸೀಟ ಐತಿ. ಆ ಡಬ್ಬಾ ಮ್ಯಾಲ ಕುಂತು ಮತ್ತ ಹಾಸಿಗಿ ಹಿಡೀತೀಯೇನ?"

ಅನ್ನವ್ವ ಕಾರಿನ ಸೀಟು ನೋಡಿದಳು. ನನ್ನನ್ನು ನೋಡಿದಳು. ಪಾನಾ ಹಿಡಿದ ಕೈ ಹಾಗೇ ನಿಂತಿತ್ತು. ಅವಳು ಕಾರು ಏರಿದರೆ ತಡೆಯಲು ನನಗೆ ಯಾವ ಮುಖವಿತ್ತು?

"ನೀ ಹೋಗಪಾ," ಎಂದಳು. "ನಮ್ಮ ಗಾಡಿ ಐತಿ."

ತಮ್ಮಣ್ಣ ಹೆಗಲು ಕುಣಿಸಿ ಹೋದ. ಧೂಳು ಅಡಗಿದ ಮೇಲೆ ಅನ್ನವ್ವ ನನ್ನ ಹತ್ತಿರ ಬಂದು ಬಗ್ಗಿದಳು. "ಈಗರೆ ಸರಿಯಾಗಿ ಲೆಕ್ಕಾ ಹಾಕ್ರಿ. ನಾನು, ಬುತ್ತಿ, ನಿಮ್ಮ ಸೊಕ್ಕು, ಎಲ್ಲಾ ಕೂಡಿಸಿ."

ಎರಡೂ ಬಳೆಗಳನ್ನು ಕೊನೆಯ ಮೆಟ್ಟಿಲಿಗೆ ಏರಿಸಿದೆ.

ಮುಂದಿನ ಹಂಪು ನೂರು ಮಾರು ದೂರದಲ್ಲಿತ್ತು.  ಮುಂದಿನ ಚಕ್ರ ಏರಿ ಇಳಿಯಿತು. ಹಿಂದಿನ ಚಕ್ರ ಏರಿತು, ಇಳಿಯಿತು. ಸದ್ದಿಲ್ಲ. ಗಾಡಿ ಒಂದು ಸಲ ತಗ್ಗಿ, ಎದ್ದು, ಸುಮ್ಮನಾಯಿತು. ಹಿಂದಿನಿಂದ ಮಾತಿಲ್ಲ. ಇನ್ನೊಂದು ಹಂಪು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ತುಳಿದು ಹಾಳು ಮಾಡಿದ ಅರ್ಧ ಫರ್ಲಾಂಗು. ಬೇಕೆಂದೇ ಒಂದು ತಗ್ಗಿನ ಅಂಚಿಗೆ ಇಳಿಸಿದೆ ಎಂದು ಈಗ ಹೇಳುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ. ಸದ್ದಿಲ್ಲ!

ಸಂಕೇಶ್ವರ ದಾಟಿತು. ಹೆದ್ದಾರಿ ಬಂತು. ನನ್ನ ಎಡಭುಜದ ಮೇಲೆ ಏನೋ ಕೂತಿತು. ಅವಳ ಕೈ.

"ಅಲ್ರೀ," ಎಂದಿತು ಕಿವಿಯ ಹತ್ತಿರದ ದನಿ, "ಆ ರತ್ನಮಾಲಾ ತನ್ನ ಸೊಸಿಗೆ ಏನಂದ್ಲು ಗೊತ್ತೈತೇನು?"

ರತ್ನಮಾಲಾ ನಮ್ಮ ಪಕ್ಕದ ಮನೆಯವಳು. ಏನಂದಳೋ ನನಗೆ ಒಂದಕ್ಷರ ಕೇಳಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿ ರಸ್ತೆ ಮಸುಕಾಗಿತ್ತು. ಗಾಳಿಗೆ ಎಂದು ಹೇಳಿಕೊಂಡೆ. ಮೂರು ವರ್ಷದ ಸುದ್ದಿ ಬಾಕಿ ಇತ್ತು; ನಿಪ್ಪಾಣಿ ಬರುವುದರೊಳಗೆ ಒಂದು ವರ್ಷದ್ದು ಮುಗಿಯಿತು.

ಕಾಗಲದ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ. ಕಾರು, ಲಾರಿ ಎಲ್ಲ ಸಾಲುಗಟ್ಟಿ ನಿಂತಿದ್ದವು. ಸಾಲಿನ ನಡುವೆ ಬಿಳಿ ಕಾರು, ಒಳಗೆ ಸ್ಟೀರಿಂಗ್ ಬಡಿಯುತ್ತ ಕೂತ ತಮ್ಮಣ್ಣ. ನಾನು ಗಾಡಿಯನ್ನು ಬದಿಯ ಖಡಿ ಮಣ್ಣಿಗೆ ಇಳಿಸಿದೆ. ಅಲ್ಲಿ ಕಲ್ಲು, ತಗ್ಗು, ದಿನ್ನೆ. ಹೊಸ ಶಾಕಪ್‌ಗಳು ಒಂದೊಂದನ್ನೇ ನುಂಗಿ ಹಾಕಿದವು. ಅನ್ನವ್ವ ಸೆರಗನ್ನು ಮೂಗಿನ ತನಕ ಎಳೆದುಕೊಂಡು ನನ್ನ ಬೆನ್ನಿಗೆ ಗುದ್ದಿದಳು.

"ಜೋರ ಹೊಡೀರಿ! ನಾವು ಎಲ್ಲಿ ಹೊಂಟೀವಿ ಅಂತ ನೋಡ್ಯಾನು!"

ಜೋರು ಹೊಡೆದೆ. ಅವನ ಕಿಟಕಿಯ ಪಕ್ಕದಿಂದಲೇ ಹಾದೆವು. ಅವನು ಫೋನಿನಲ್ಲಿ ಯಾರಿಗೋ ಟ್ರಾಫಿಕ್ಕಿನ ಮೇಲೆ ಬೈಯುತ್ತಿದ್ದ, ನೋಡಲಿಲ್ಲ. ಇಷ್ಟು ವಯಸ್ಸಿನಲ್ಲಿ ಬೆನ್ನ ಹಿಂದೆ ಹೆಂಡತಿ ಹುಡುಗಿಯ ಹಾಗೆ ಕಿಲಕಿಲ ನಗುವುದನ್ನು ಕೇಳಿದವರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ನಾನು ಕೇಳಿದೆ.

ಹುಪರಿ ದಾಟಿ ಇಚಲಕರಂಜಿ ಸೇರಿದಾಗ ಹನ್ನೊಂದೂವರೆ. ಮಗ್ಗಗಳ ಖಟಖಟ ಓಣಿ ತುಂಬಿತ್ತು. ನಮ್ಮ ಗಾಡಿ ಬಂದದ್ದು ಯಾರಿಗೂ ಕೇಳಿಸಲಿಲ್ಲ. ಕಳ್ಳ ಕುಬಸಕ್ಕೆ ಇದಕ್ಕಿಂತ ಒಳ್ಳೆಯ ಓಣಿ ಸಿಗುವುದಿಲ್ಲ. ಬಾಗಿಲು ತೆಗೆದ ರುತುಜಾ ತಾಯಿಯನ್ನು ನೋಡಿ, ಹಿಂದೆ ಗಾಡಿ ನೋಡಿ, ಬಾಯಿ ಮೇಲೆ ಕೈ ಇಟ್ಟಳು.

"ಅವ್ವಾ, ಇದರ ಮ್ಯಾಲ ಬಂದ್ಯಾ? ಟೊಂಕ?"

ಅನ್ನವ್ವ ಒಳಗೆ ಹೋಗಿ ಕೂತು, ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ತೆಗೆದಳು. ಎಂಬತ್ತು ಕಿಲೋಮೀಟರು ಬಂದ ಮೊಸರು ಗಟ್ಟಿಯಾಗಿ ಕೂತಿತ್ತು. ಒಂದು ಅಂಚಿನಲ್ಲಿ ಮಾತ್ರ ಕೆನೆ ಸೀಳಿತ್ತು. ಅನ್ನವ್ವ ಆ ಸೀಳನ್ನು ಬೆರಳಿಂದ ತೋರಿಸಿ ನನ್ನ ಕಡೆ ನೋಡಿದಳು. "ಇದು ನಿವ್ವಳದ್ದು," ಎಂದಳು. ರುತುಜಾಳಿಗೆ ಏನೂ ತಿಳಿಯಲಿಲ್ಲ.

ಹಸಿರು ಕುಬಸ ಕೊಟ್ಟು, ಉಡಿ ತುಂಬಿ, ಐದೂ ಬುತ್ತಿ ಬಡಿಸಿ, ಮೊದಲನೇ ತುತ್ತು ಅನ್ನವ್ವ ತನ್ನ ಕೈಯಿಂದ ಮಗಳ ಬಾಯಿಗೆ ಇಟ್ಟಳು. ರುತುಜಾ ಮೊಸರನ್ನು ಮೂರು ಸಲ ಹಾಕಿಸಿಕೊಂಡು ಉಂಡಳು. ನಾನು ಮೂಲೆಯಲ್ಲಿ ಕೂತು ನೋಡಿದೆ. ಗಂಡಸರಿಗೆ ಆ ಕಾರ್ಯದಲ್ಲಿ ಏನೂ ಕೆಲಸವಿಲ್ಲ, ಆದರೂ ಆ ಬುತ್ತಿಯನ್ನು ಅಲ್ಲಿಗೆ ಹೊತ್ತು ತಂದವನು ನಾನು ಎಂದು ಹೊಟ್ಟೆ ತುಂಬಿತು.

ನಾಲ್ಕಕ್ಕೆ ಹೊರಟೆವು. ಬರುವಾಗಿನ ಭಾರ ಈಗ ಇಲ್ಲವಲ್ಲ ಎಂದು ನಾನು ಪಾನಾ ತೆಗೆದು ಬಳೆಗಳನ್ನು ಎರಡನೇ ಮೆಟ್ಟಿಲಿಗೆ ಇಳಿಸಲು ಕೂತೆ.

"ಏನ ಮಾಡಾಕತ್ತೀರಿ?" ಅನ್ನವ್ವ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಎರಡೂ ಕೈಯಲ್ಲಿ ಚೀಲ. ಬೀಗಿತ್ತಿ ಬುತ್ತಿಯ ಡಬ್ಬಿಗಳಿಗೆ ಶೇಂಗಾ, ಬೆಲ್ಲ, ಚಕ್ಕಲಿ ತುಂಬಿ ಬಾಯಿ ಮುಚ್ಚದ ಹಾಗೆ ಮಾಡಿ ಕೊಟ್ಟಿದ್ದಳು. ಬುತ್ತಿ ಬಂದ ಡಬ್ಬಿಯನ್ನು ಖಾಲಿ ಕಳಿಸುವ ಮನೆ ಎಲ್ಲಿದೆ? "ಮತ್ತ ಬಾರದಾನ ಕಳ್ಯಾಕತ್ತೀರೇನು?"

ಪಾನಾವನ್ನು ಮತ್ತೆ ಕಾಗದದಲ್ಲಿ ಸುತ್ತಿ ಒಳಗಿಟ್ಟೆ.

ಊರ ಹೊರಗಿನ ನಾಕಾದಲ್ಲಿ ಎಡಕ್ಕೆ ತಿರುಗಿದರೆ ಹುಪರಿ, ಕಾಗಲ, ಮನೆ. ನಾನು ಎಡಕ್ಕೆ ಕೈ ತೋರಿಸಿದೆ. ಭುಜದ ಮೇಲಿನ ಕೈ ಒತ್ತಿತು.

"ಎಲ್ಲಿ ಹೊಂಟ್ರಿ?"

"ಮನಿಗೆ."

"ಇನ್ನೂ ಹೊತ್ತ ಐತಿ," ಎಂದಳು ಅನ್ನವ್ವ. "ಕೊಲ್ಹಾಪುರದ ಮ್ಯಾಲ ಹಾದು ಹೋಗೂಣು. ರಂಕಾಳಿ ಮ್ಯಾಲ ಭೇಳ ತಿಂದು ಮೂರ ವರ್ಷ ಆತು."

"ಸುತ್ತ ಆಗತೈತಿ. ಟೊಂಕ?"

"ಟೊಂಕ ನಂದು. ನೀವು ಗಾಡಿ ಹೊಡೀರಿ. ಮತ್ತ, ಆ ರತ್ನಮಾಲಾನ ಸೊಸಿ ತಿರುಗಿ ಏನಂದ್ಲು ಅನ್ನೂದ ಹೇಳೂದ ಉಳದೈತಿ."

ತೋರಿಸಿದ ಕೈ ತೆಗೆದು ಗಾಡಿಯನ್ನು ಬಲಕ್ಕೆ ತಿರುಗಿಸಿದೆ. ಕೊಲ್ಹಾಪುರದ ತನಕ ಅವಳು ಮಾತು ನಿಲ್ಲಿಸಲಿಲ್ಲ. ನಾನು ಗಾಡಿಯನ್ನು ನಲವತ್ತರ ಮೇಲೆ ಓಡಿಸಲಿಲ್ಲ.